ಸಾವಿತ್ರಕ್ಕನ ಡಬ್ಬಿಗೆ ಸಾಹೇಬರ ಕೇಕು

ತಪ್ಪು ನನ್ನದೇ. ಸಾಹೇಬರ ಬೆನ್ನ ಹಿಂದೆ ಅವರ ದನಿ ತೆಗೆದು ಅಣಕಿಸುವವನು, ಅವರು ತನ್ನ ಬೆನ್ನ ಹಿಂದೆ ನಿಂತಿಲ್ಲವಷ್ಟೇ ಎಂದು ಮೊದಲು ನೋಡಿಕೊಳ್ಳಬೇಕು.

ನಮ್ಮ ಮ್ಯಾನೇಜರ್ ಸಾಹೇಬರ ಮನೆಯಲ್ಲಿ ಕ್ರಿಸ್‌ಮಸ್ ದೊಡ್ಡ ಹಬ್ಬ. ಆಫೀಸಿನಲ್ಲಿ ಅವರಿಗೆ ಹತ್ತಿರದವನು ನಾನೇ ಎಂದು ಎಲ್ಲರಿಗೂ ತೋರಿಸುವ ಹುಕಿ ನನಗೆ. ಸ್ಟೇಷನ್ ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ ಗೋಡೆ ಗಡಿಯಾರ ಆರಿಸಿ, ಮಿಂಚುವ ಕಾಗದ ಸುತ್ತಿಸಿ ಕೊಟ್ಟೆ. ಪಕ್ಕದ ಮೇಜಿನ ಸಾವಿತ್ರಕ್ಕ ಕಳ್ಳಕವಟಗಿ ಊರಿನ ತನ್ನ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಸಾಹೇಬರಿಗೆ ಶೇಂಗಾ ಹೋಳಿಗೆ ತಂದುಕೊಟ್ಟಳು. ಇದೂ ಒಂದು ಗಿಫ್ಟೇ ಎಂದು ಮನಸ್ಸಿನಲ್ಲೇ ನಕ್ಕೆ.

ಹಬ್ಬದ ಮರುದಿನ ಸಾಹೇಬರು ಅದೇ ಡಬ್ಬಿ ತಂದು ಅವಳ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಒಳಗೆ ಬಾಯಿತನಕ ಕೇಕು, ಕರಚಿಕಾಯಿ! ನನಗೆ ಸಿಕ್ಕಿದ್ದು ಬರೀ ಒಂದು ಥ್ಯಾಂಕ್ಸ್. ಸಾವಿತ್ರಕ್ಕ ನೀಡಿದ ತುಂಡನ್ನೂ ಮುಟ್ಟಲಿಲ್ಲ. ಸಾಹೇಬರು ಒಳಗೆ ಹೋದರೆಂದುಕೊಂಡು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರದೇ ಗೊಗ್ಗರು ದನಿಯಲ್ಲಿ ಶುರು ಮಾಡಿದೆ.

“ಸಾವಿತ್ರಿ, ನೀ ನಮ್ಮ ಮನಿ ಮಗಳಿದ್ಹಂಗ ನೋಡವಾ. ಉಳಿದವ್ರೆಲ್ಲಾ ಬರೇ ಪಗಾರಕ್ಕ ಬರೋ ಮಂದಿ. ತಿನ್ನು, ಇನ್ನೊಂದು ತಿನ್ನು!”

ನನ್ನ ಅಣಕಕ್ಕೆ ದಿನವೂ ನಗುವವರು ಅಂದು ಯಾರೂ ನಗಲಿಲ್ಲ. ಸಾವಿತ್ರಕ್ಕ ಕಣ್ಣಲ್ಲೇ ಬಾಗಿಲು ತೋರಿಸಿದಳು. ತಿರುಗಿದರೆ ಸಾಹೇಬರು! ಸಿಟ್ಟಾಗಲಿಲ್ಲ, ಸಾವಕಾಶವಾಗಿ ಹೇಳಿದರು:

“ಮಂದಿ ಡಬ್ಬಿ ಖಾಲಿ ಕಳಸಬಾರ್ದಂತ ನಮ್ಮ ಮನ್ಯಾಕಿ ತುಂಬಿ ಕೊಟ್ಟಾಳಪಾ. ನಿನ್ನ ಗಡಿಯಾರದಾಗ ಏನ್ ತುಂಬಿ ಕೊಡ್ಲಿ, ನೀನ ಹೇಳು?”