ಕೇಳದೆ ಕೊಟ್ಟ ಕ್ಷಮೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಯಾವ ತಪ್ಪನ್ನೂ ಮಾಡದವನನ್ನು ನಾನು ಎಲ್ಲರೆದುರು ಬಲು ಗಂಭೀರವಾಗಿ ಕ್ಷಮಿಸಿದೆ. ಅದೂ ನಮ್ಮ ಪಾದ್ರಿಗಳ ದನಿಯಲ್ಲಿ.

ಆ ನತದೃಷ್ಟ ನನ್ನ ಚಿಕ್ಕಪ್ಪನ ಮಗ. ಓದಲೆಂದು ತುಮಕೂರಿನಿಂದ ಚಾಮರಾಜಪೇಟೆಯ ನಮ್ಮ ಮನೆಗೆ ಬಂದಿದ್ದ. ಅಲ್ಲಿಯ ತನಕ ದೇವಾಲಯದಲ್ಲಿ ಕೀರ್ತನೆಯ ಮೊದಲ ಸಾಲು ಎತ್ತಿಕೊಡುತ್ತಿದ್ದವನು ನಾನು. ನಾನು ಎತ್ತಿದ ಮೇಲೇ ಸಭೆ ಹಾಡಬೇಕು. ನನ್ನ ಗಂಟಲಿಗೆ ಯಾರ ದನಿ ಬೇಕಾದರೂ ಬರುತ್ತಿತ್ತು. ಪಾದ್ರಿಗಳ ಕೆಮ್ಮು, ಶಾಲೆಯ ದೊರೆಸಾನಿಯ ಕನ್ನಡ, ಜಟಕಾದವನ ಕೂಗು. ನನ್ನ ಸ್ವಂತ ದನಿ ಮಾತ್ರ ಮೇಲಕ್ಕೇರಿದರೆ ಕುದುರೆ ಕೆನೆದಂತೆ ಒಡೆಯುತ್ತಿತ್ತು. ಇವನು ಬಂದು ಒಂದು ಭಾನುವಾರ ಬಾಯಿ ತೆರೆದ. ಮುಂದಿನ ವಾರವೇ ಪಾದ್ರಿಗಳು, "ಇನ್ಮೇಲೆ ನಿನ್ನ ತಮ್ಮನೇ ಎತ್ತಲಿ, ನೀನು ಜೊತೇಲಿ ಹಾಡು" ಎಂದರು.

ಮನೆಗೆ ಬಂದು ಅವನನ್ನು ಅಣಕಿಸಿದೆ: ಹಾಡುವಾಗ ಕಣ್ಣು ಮುಚ್ಚುವುದು, ಕೊಕ್ಕರೆಯಂತೆ ಕತ್ತು ಚಾಚುವುದು. ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ಅವನೇ ನಕ್ಕ. ಹೊಟ್ಟೆ ಇನ್ನಷ್ಟು ಉರಿಯಿತು. ಅಮ್ಮ ಅವನ ಗಂಟಲಿಗೆಂದು ಮೆಣಸಿನ ಕಷಾಯ ಕಾಯಿಸಿದಾಗ ನಾನೂ ಕೆಮ್ಮಿ ನೋಡಿದೆ.

"ಪಾದ್ರಿಗಳ ಕೆಮ್ಮು ಚೆನ್ನಾಗ್ ಬಂತು ಕಣೋ" ಎಂದಳು ಅಮ್ಮ. ಕಷಾಯ ಬರಲಿಲ್ಲ.

ನಮ್ಮ ಅಜ್ಜಿಯದೊಂದು ಕಟ್ಟಳೆಯಿತ್ತು. ಕರ್ತನ ಭೋಜನದ ಭಾನುವಾರಕ್ಕೆ ಮುಂಚಿನ ಸಂಜೆ ಮನೆಮಂದಿಯೆಲ್ಲ ನಡುಮನೆಯಲ್ಲಿ ಸೇರಿ, ಒಬ್ಬರನ್ನೊಬ್ಬರು "ನನ್ನಿಂದ ತಪ್ಪಾಗಿದ್ದರೆ ಕ್ಷಮಿಸು" ಎಂದು ಕೇಳಬೇಕು. ಮುನಿಸು ಉಳಿಸಿಕೊಂಡವರು ಮಾರನೆಯ ದಿನ ರೊಟ್ಟಿ, ದ್ರಾಕ್ಷಾರಸ ಮುಟ್ಟುವಂತಿಲ್ಲ. ಉಳಿದವರು ಅದನ್ನು ತೆಗೆದುಕೊಳ್ಳಲು ಎದ್ದು ಹೋದಾಗ ಬೆಂಚಿನಲ್ಲೇ ಕೂತಿರಬೇಕು. ಅವನು ಕೀರ್ತನೆ ಎತ್ತುತ್ತಿರುವಾಗ ನಾನೊಬ್ಬನೇ ಬೆಂಚು ಕಾಯುವುದೇ? ಹಾಗೆಂದು ಅವನ ಮುಂದೆ ನಿಂತು ಕೇಳಲು ನಾಲಿಗೆ ಏಳಲಿಲ್ಲ. ಬೀದಿಯ ಹೊಸ ವಿದ್ಯುತ್ ದೀಪ ಹತ್ತುವ ಹೊತ್ತಿಗೆ ನನ್ನ ಸರದಿ ಬಂತು. ಕೇಳುವ ಬದಲು ಕೊಟ್ಟೇಬಿಟ್ಟೆ.

ಕೈಯೆತ್ತಿ, ಪಾದ್ರಿಗಳಂತೆ ಎಳೆದು, "ತಮ್ಮಾ, ನಿನ್ನನ್ನು ಪೂರ್ಣ ಮನಸ್ಸಿನಿಂದ ಕ್ಷಮಿಸಿದ್ದೇನೆ" ಎಂದೆ.

ಅವನಿಗೆ ಗಾಬರಿಯಾಯಿತು. "ನಾನೇನ್ ಮಾಡ್ದೆ ಅಣ್ಣಾ?"

"ಅದೆಲ್ಲ ಈಗ್ಯಾಕೆ? ಕ್ಷಮ್ಸಾಯ್ತಲ್ಲ."

"ಹೇಳಣ್ಣಾ, ಇನ್ನೊಂದ್ಸಲ ಮಾಡಲ್ಲ."

ಆಗ ಯಾರ ದನಿಯೂ ನನ್ನ ನೆರವಿಗೆ ಬರಲಿಲ್ಲ. "ನೀನು… ಹಾಡ್ತೀಯಲ್ಲ" ಎಂದೆ, ನನ್ನದೇ ದನಿಯಲ್ಲಿ. ಅದು ಎಂದಿನಂತೆ ಒಡೆಯಿತು.

"ಅಷ್ಟೇನಾ? ನಾಳೆಯಿಂದ ನೀನೇ ಎತ್ತಣ್ಣಾ. ಪಾದ್ರಿಗಳಿಗೆ ನಾನೇ ಹೇಳ್ತೀನಿ."

ಹೇಳಿಯೇ ಬಿಡುವವನು ಅವನು. ಹಾಡಿನಲ್ಲಿ ಸೋಲಿಸಿದ್ದು ಸಾಲದೆ ಒಳ್ಳೆಯತನದಲ್ಲೂ ಸೋಲಿಸಲು ಹೊರಟಿದ್ದ! "ಏನೂ ಬೇಡ, ಕೊಟ್ಟಿರೋ ಕ್ಷಮೆ ತಗೊಂಡು ಸುಮ್ನಿರು" ಎಂದು ರೇಗಿದೆ.

ಮೂಲೆಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು:

"ಅವನನ್ನ ಕ್ಷಮ್ಸಿದ್ದಾಯ್ತಲ್ಲ ಮಗಾ, ಅವನಿಗೆ ಆ ಗಂಟಲು ಕೊಟ್ಟ ದೇವರನ್ನೂ ಕ್ಷಮಿಸ್ಬಿಡು. ನಾಳೆ ನಿಂಗೆ ಊಟ ಆತನ ಮನೇಲೇ ತಾನೆ?"