ಮಲಾವಿಯ ರಾಜಧಾನಿ

ಸ್ಕೂಲಿನ ಮೆಟ್ಟಿಲು ದರ್ಜಿ ಹತ್ತಿದ್ದು ಅಷ್ಟಕ್ಕಷ್ಟೆ. ಆದರೂ ಆಫ್ರಿಕಾ ಖಂಡದ ರಾಜಧಾನಿಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು. ಹೆಂಡತಿ ಭೂಗೋಳದ ಟೀಚರು. ಮುಂದಿನ ಕೋಣೆಯಲ್ಲಿ ಅವಳ ಮನೆಪಾಠ, ಗೋಡೆಯಾಚೆ ಇವನ ಹೊಲಿಗೆ ಯಂತ್ರ. ಅವಳು ದೇಶ ಹೇಳಿದರೆ ಮಕ್ಕಳು ರಾಜಧಾನಿ ಕೂಗಬೇಕು. ಇವನ ಕಾಲು ಆ ತಾಳಕ್ಕೇ ಪೆಡಲು ತುಳಿಯುತ್ತಿತ್ತು. ಎಷ್ಟೋ ಪ್ಯಾಂಟುಗಳು ಕೈರೋದಲ್ಲಿ ಶುರುವಾಗಿ ಪ್ರಿಟೋರಿಯಾದಲ್ಲಿ ಮುಗಿದಿವೆ. ಅವಳ ಮುಂದೆ ತಪ್ಪು ಹೇಳಿ ದಕ್ಕಿಸಿಕೊಂಡವರಿಲ್ಲ. ತಪ್ಪು, ಮೊದಲಿಂದ ಹೇಳು ಎನ್ನುವಳು. ಗಂಡ ಕಾಲರು ಓರೆ ಹೊಲಿದರೂ ಅದೇ ಮಾತು.

ಅಂಥವಳಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಯಿತು. ಕೈಕಾಲು ನಿಧಾನಕ್ಕೆ ದಾರಿಗೆ ಬಂದವು, ಬಾಯಿ ಮಾತ್ರ ಬರಲಿಲ್ಲ. ಬಾಯಿಪಾಠ ಆಗಿರುವುದನ್ನು ಅವಳೆದುರು ಹೇಳುತ್ತಿರಿ, ಆ ದಾರಿಯಲ್ಲಿ ಮಾತು ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ದರ್ಜಿ ಮಗ್ಗಿ ಹೇಳಿದ, ತಿಂಗಳುಗಳ ಹೆಸರು ಹೇಳಿದ. ಅವಳು ಕಿಟಕಿ ನೋಡುತ್ತ ಕೂತಳು. ಮನೆ ಬಿಕೋ ಎನ್ನುತ್ತಿತ್ತು.

ಒಂದು ಬೆಳಿಗ್ಗೆ ಅವನು ಯಂತ್ರವನ್ನೇ ಅವಳ ಮಂಚದ ಪಕ್ಕಕ್ಕೆ ಎಳೆದು ತಂದು, ದಿಂಬಿನ ಚೀಲ ಹೊಲಿಯುತ್ತ ರಾಜಧಾನಿಗಳನ್ನು ಶುರುಮಾಡಿದ. ಕೆನ್ಯಾ, ನೈರೋಬಿ ಎನ್ನುವಷ್ಟರಲ್ಲಿ ದಾರ ಕಡಿಯಿತು. ಪೋಣಿಸಿ ಮತ್ತೆ ತುಳಿಯುವಾಗ ಉಗಾಂಡಾ ಎಂಬ ದೇಶವೇ ಬಿಟ್ಟುಹೋಗಿತ್ತು, ಅದರ ರಾಜಧಾನಿ ಮಾತ್ರ ಉಳಿದಿತ್ತು. ಇವನಿಗೆ ಪರಿವೆಯೇ ಇಲ್ಲ. ಕಂಪಾಲಾವನ್ನು ರುವಾಂಡಾಕ್ಕೆ ಕೊಟ್ಟ, ಕಿಗಾಲಿಯನ್ನು ಜಾಂಬಿಯಾಕ್ಕೆ ಕೊಟ್ಟ. ಒಂದು ಗುಂಡಿ ತಪ್ಪು ಕಾಜಕ್ಕೆ ಬಿದ್ದ ಅಂಗಿಯ ಹಾಗೆ ಖಂಡವೇ ಓರೆಯಾಯಿತು. ಅವಳ ಕತ್ತು ತಿರುಗಿತು, ಹುಬ್ಬು ಗಂಟಿಕ್ಕಿತು. ಹೊಲಿಗೆಯ ಮೇಲೇ ಕಣ್ಣಿದ್ದ ಇವನು ಮಲಾವಿ, ಲುಸಾಕಾ ಎಂದ.

"ತಪ್ಪು."

ಪೆಡಲು ನಿಂತಿತು. ಧ್ವನಿ ಒಡೆದಿತ್ತು, ತೊದಲುತ್ತಿತ್ತು, ಆದರೆ ಅವಳದೇ. ದರ್ಜಿಯ ಕಣ್ಣಲ್ಲಿ ನೀರು ದಳದಳ ಸುರಿಯಿತು. ಮದುವೆಯಾದಾಗಿನಿಂದ ಕೇಳಿ ಕೇಳಿ ಮುಖ ಊದಿಸಿಕೊಂಡಿದ್ದ ಆ ಮಾತಿಗೆ ಅವನು ಇಂದು ಕೈಮುಗಿದ. ಎಲ್ಲಿದೆಯೆಂದೂ ತಿಳಿಯದ ಮಲಾವಿಗೆ, ಕಡಿದುಹೋದ ದಾರಕ್ಕೆ, ಎಲ್ಲಕ್ಕೂ ಋಣಿಯಾದ.

"ಮತ್ತೆ ಯಾವ್ದು? ನೀನೇ ಹೇಳು."

ತುಟಿಗಳು ತಡಕಾಡಿದವು. ಲಿ, ಲಿ ಎಂದಳು, ಮುಂದೆ ಸಿಗಲಿಲ್ಲ. ಲಿಲಾಂಗ್ವೆ ಅವನ ಬಾಯಿಗೇ ಬಂದಿತ್ತು; ಹೇಳಿಕೊಡದೆ ಕಾದ. ಅವಳು ಸೋತು ಯಂತ್ರದ ಕಡೆ ಬೆರಳು ತೋರಿದಳು.

"ಮೊದ್ಲಿಂದ."

ಅವನು ಕಣ್ಣೊರೆಸಿಕೊಂಡು ಈಜಿಪ್ಟ್ ಎಂದ. ಅಷ್ಟಕ್ಕೇ ನಿಲ್ಲಿಸಿ ಅವಳ ಮುಖ ನೋಡಿದ.

"ಕೈರೋ" ಎಂದಳು ಟೀಚರು. ಪೆಡಲು ಮತ್ತೆ ಓಡತೊಡಗಿತು.