ಗಾಲಿ ಇಲ್ಲದ ಬಿಳಿ ಕುದುರೆ

ಕಡೂರಿನ ರುದ್ರಮೂರ್ತಿಯ ಪೇಂಟ್ ಅಂಗಡಿಗೆ ಹೋದವರ ಕಣ್ಣಿಗೆ ಬಣ್ಣದ ಡಬ್ಬಿಗಿಂತ ಮೊದಲು ಬೀಳುವುದು ಕುದುರೆಗಳು. ಗಲ್ಲಾಪೆಟ್ಟಿಗೆಯ ಹಿಂದಿನ ಹಲಗೆಯ ಮೇಲೆ ಕೆಂಪು, ಅರಿಶಿನ, ಗಿಳಿಹಸಿರು, ನೀಲಿ, ರಾಣಿ ಬಣ್ಣದವು ಸಾಲಾಗಿ ನಿಂತಿವೆ. ಗೇಣುದ್ದದ ಮರದ ಕುದುರೆಗಳು. ಕಾಲಡಿ ಹಲಗೆ, ಹಲಗೆಗೆ ಗಾಲಿ, ಕತ್ತಿಗೆ ಸೆಣಬಿನ ಜೂಲು.

"ಏನ್ ಸಾವ್ಕಾರ್ರೇ, ಇವತ್ತು ಹುರುಳಿ ಬೇಯ್ಸಿದ್ರಾ?" ಎಂದು ಗಾರೆ ಕೆಲಸದವರು ಛೇಡಿಸುತ್ತಿದ್ದರು.

"ಲದ್ದಿ ಎತ್ತೋಕೆ ಆಳು ಬೇಕಾಗೈತೆ, ಬತ್ತೀಯಾ?" ಎನ್ನುತ್ತಿದ್ದ ರುದ್ರಮೂರ್ತಿ.

ಈ ಕುದುರೆಗಳನ್ನು ಮಾಡಿದವನು ತರೀಕೆರೆಯ ಬಡಗಿ ಪುಟ್ಟಯ್ಯ. ಅವನು ತೀರಿಕೊಂಡು ಬಹಳ ಕಾಲವಾಯಿತು. ಮೊದಲು ಕೆಂಪು ಕುದುರೆ ಮಾಡಿದ. ಅದು ಅಜ್ಜಂಪುರದ ಸಂತೆಯಲ್ಲಿ ಖರ್ಚಾಯಿತು ಅಂತ ಉಳಿದ ಬಣ್ಣಗಳು ಬಂದವು. ರಾಣಿ ಬಣ್ಣದ ಸೀರೆ ಊರಿಗೆಲ್ಲ ಹಬ್ಬಿದ ವರ್ಷ ಕುದುರೆಗೂ ಅದೇ ಬಣ್ಣ. ಆಮೇಲೆ ಪ್ಲಾಸ್ಟಿಕ್ ಬಂತು, ಪುಟ್ಟಯ್ಯನ ಕುದುರೆಗಳು ಅಟ್ಟ ಸೇರಿದವು. ರುದ್ರಮೂರ್ತಿ ಅಂಥ ಅಟ್ಟಗಳನ್ನೇ ಹುಡುಕಿ ಹೊರಟವನು. ಬಣ್ಣದ ಅಂಗಡಿ ಇಟ್ಟೂ ಹಳೆಯ ಕುದುರೆಗೆ ಒಂದು ತೊಟ್ಟು ಹೊಸ ಬಣ್ಣ ಹಚ್ಚಿದವನಲ್ಲ.

ಅವನಿಗೆ ಸಿಗದೆ ಉಳಿದದ್ದು ಬಿಳಿ ಕುದುರೆ. ಅದನ್ನು ಪುಟ್ಟಯ್ಯ ಸಂತೆಗೆ ಒಯ್ಯುತ್ತಲೇ ಇರಲಿಲ್ಲ. ಕೂಸು ಕಳೆದುಕೊಂಡ ಮನೆಯವರು ಬಂದು ಹೇಳಿದರೆ ಮಾತ್ರ ಮಾಡಿಕೊಡುತ್ತಿದ್ದ. ಅದಕ್ಕೆ ಗಾಲಿ ಇಡುತ್ತಿರಲಿಲ್ಲ. ಆ ಮನೆಯಲ್ಲಿ ಮತ್ತೆ ತೊಟ್ಟಿಲು ಕಟ್ಟುವ ಕಾಲ ಬಂದಾಗ, ಕೂಸು ಹುಟ್ಟುವ ಮೊದಲೇ ಕುದುರೆಯನ್ನು ಭದ್ರಾ ನಾಲೆಗೆ ಬಿಟ್ಟುಬಿಡಬೇಕು. ಎರಡೂ ಒಂದೇ ಸೂರಿನ ಕೆಳಗೆ ಇರಕೂಡದು. ಹಾಗಾಗಿ ಬಿಳಿ ಕುದುರೆಗಳೆಲ್ಲ ನೀರು ಕಂಡವು.

ಒಂದು ಉಳಿದಿದೆ ಎಂದು ಗೊತ್ತಾದದ್ದು ಹೋದ ವರ್ಷ. ಅಮೃತಾಪುರದ ಬಸ್ ಸ್ಟಾಪಿನ ಬಳಿ ಟೀ ಹೋಟೆಲು ಇಟ್ಟಿರುವ ಕಾಮಾಕ್ಷಮ್ಮನ ಹತ್ತಿರ. ಆಕೆಗೆ ಹುಟ್ಟಿದ ಒಂದೇ ಕೂಸು ಹೋಯಿತು, ಮತ್ತೆ ತೊಟ್ಟಿಲು ಕಟ್ಟಲಿಲ್ಲ, ಕುದುರೆ ಹಾಗೇ ಉಳಿಯಿತು.

ಆಗ ರುದ್ರಮೂರ್ತಿಯ ಹೆಂಡತಿ ತನುಜಾಗೆ ಏಳು ತಿಂಗಳು. ಅದಕ್ಕೆ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು.

ಕಾಮಾಕ್ಷಮ್ಮ ಟೀ ಕೊಟ್ಟು, ಎದುರಿನ ಬೆಂಚಿನ ಮೇಲೆ ಕೂತಳು. "ಕೊಡ್ತೀನಪ್ಪ. ನನ್ ತರುವಾಯ ಅದ್ನ ನೋಡೋರ್ಯಾರು? ಆದ್ರೆ ಎಲ್ಲ ಮನೆಗೂ ಕೊಡಂಗಿಲ್ಲ. ನಿಮ್ಮನೇಲಿ ಕೂಸು ಕುನ್ನಿ ಅವೇನಪ್ಪ?"

"ಇಲ್ಲ ಕಣಮ್ಮ."

"ಬರೋದೈತಾ?"

ಒಳಗೆ ಅಕ್ಕಿಮೂಟೆಯ ಮೇಲೆ ಕುದುರೆ ಕಾಣುತ್ತಿತ್ತು. ಹಾಲಿನ ಕೆನೆಯಂಥ ಬಣ್ಣ, ಎಲ್ಲೂ ಚಕ್ಕೆ ಎದ್ದಿರಲಿಲ್ಲ.

"ಅದೂ ಇಲ್ಲ," ಎಂದ ರುದ್ರಮೂರ್ತಿ.

ಕಾಮಾಕ್ಷಮ್ಮ ಅವನ ಮುಖವನ್ನೇ ನೋಡಿದಳು. "ಇನ್ನೊಂದ್ ಸಲ ಹೇಳಪ್ಪ."

"ನಂಗೆ ಕೂಸಿಲ್ಲ ಕಣಮ್ಮ, ಬರೋದೂ ಇಲ್ಲ."

ಆಕೆ ಕೊಟ್ಟ ಕುದುರೆಯನ್ನು ಮನೆಗೆ ಒಯ್ಯಲಿಲ್ಲ, ಅಂಗಡಿಯಲ್ಲೇ ಇಟ್ಟ. ಅಂಗಡಿಗೂ ಮನೆಗೂ ಸೂರು ಬೇರೆಯಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಸಾಲು ತುಂಬಿತು. ಆದರೆ ಅಂದಿನಿಂದ ಗಾರೆಯವರು ಹುರುಳಿಯ ಮಾತು ಎತ್ತಲಿಲ್ಲ. ಬಂದವರು ಡಬ್ಬಿ ತೆಗೆದುಕೊಂಡು ಬೇಗ ಹೊರಟುಬಿಡುತ್ತಿದ್ದರು.

ಒಂದು ಮಧ್ಯಾಹ್ನ ಬುತ್ತಿ ತಂದ ತಾಯಿ ತೀರ್ಥಮ್ಮ ಬಿಳಿ ಕುದುರೆಯ ಕಾಲಡಿ ಗಾಲಿ ಇಲ್ಲದ್ದು ನೋಡಿ ನಿಂತುಬಿಟ್ಟಳು.

"ಇದ್ನ ಏನಂತ ಹೇಳಿ ತಂದೆ?"

ಅವನು ಹೇಳಿದ. ಸುಳ್ಳು ಮುಚ್ಚಿಡುವ ಅಭ್ಯಾಸ ತಾಯಿಯ ಮುಂದೆ ಅವನಿಗಿರಲಿಲ್ಲ.

ತೀರ್ಥಮ್ಮ ಬುತ್ತಿಯನ್ನು ಕೆಳಗಿಟ್ಟಳು. "ಕುದ್ರೆ ಏನ್ ಮಾಡೀತು ಬಿಡು, ಮರದ ತುಂಡು. ನೀನು ಬಾಯಲ್ಲಿ ಇಲ್ಲ ಅಂದ್ಯಲ್ಲ, ಅದೂ ಎರಡೆರಡು ಸಲ. ಹೊಟ್ಟೇಲಿರೋದು ಕೇಳ್ಸ್ಕಂಡಿರ್ತೈತೆ ಕಣೋ. ಹೋಗು, ಇಲ್ಲ ಅಂದ್ ಜಾಗದಾಗೇ ಕೂಸೈತೆ ಅಂತ ಹೇಳ್ಬಿಟ್ಟು ಬಾ."

"ಭಾನುವಾರ ಹೋಗ್ತೀನಿ ಕಣವ್ವ."

ಭಾನುವಾರಕ್ಕೆ ಮೊದಲೇ ತನುಜಾಗೆ ನೀರು ಹೋಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅಂಗೈ ಮೇಲೆ ಕೂರುವಷ್ಟು. ಹುಟ್ಟಿದ್ದು ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಗೆ ಹಾಕಿದರು. ಅಲ್ಲಿ ಫೋನು ಸದ್ದು ಮಾಡಬಾರದು ಎಂದು ನರ್ಸಮ್ಮ ಗದರಿದಳು, ಅವನು ಸೈಲೆಂಟ್ ಮಾಡಿದ.

"ಇನ್ನೂ ಇಲ್ಲೇ ಕೂತಿದೀಯಲ್ಲೋ," ಎಂದಳು ತೀರ್ಥಮ್ಮ. "ನಾನಿಲ್ಲಿ ಇರ್ತೀನಿ. ನೀನು ಹೋಗು."

ಬೈಕು ಹತ್ತಿದ. ಕಡೂರಿಗೆ ಹೋಗಿ ಕುದುರೆ ತರುವಷ್ಟು ವ್ಯವಧಾನ ಇರಲಿಲ್ಲ. ಬರಿಗೈಯಲ್ಲೇ ತರೀಕೆರೆ ದಾರಿ ಹಿಡಿದ. ಅಮೃತಾಪುರ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಹೋಟೆಲಿನಲ್ಲಿ ಗಿರಾಕಿಗಳಿರಲಿಲ್ಲ. ಕಾಮಾಕ್ಷಮ್ಮ ಲೋಟ ತೊಳೆಯುತ್ತಿದ್ದಳು.

ಅವನು ಹೊಸ್ತಿಲಾಚೆಯೇ ನಿಂತ. "ನಿಮ್ಗೆ ಸುಳ್ಳು ಹೇಳಿದ್ದೆ ಕಣಮ್ಮ. ನಂಗೆ ಕೂಸೈತೆ. ಹೆಣ್ಣು ಕೂಸು."

ಆಕೆಯ ಕೈಯಲ್ಲಿದ್ದ ಲೋಟ ತೊಟ್ಟಿಯೊಳಗೆ ಜಾರಿತು. ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೂಸ್ನ ಯಾವಾಗ ನೋಡ್ದೆ?"

"ಬೆಳಗ್ಗೆ."

"ಈಗ ಐತೇನಪ್ಪ?"

ರುದ್ರಮೂರ್ತಿ ಜೇಬಿನಿಂದ ಫೋನು ತೆಗೆದ. ಪರದೆಯ ತುಂಬ ಅವ್ವನ ಹೆಸರೇ ಇತ್ತು. ಒಂದರ ಕೆಳಗೊಂದು, ಅವನು ಎತ್ತದೆ ಹೋದ ಕರೆಗಳು.

"ಮಾಡಪ್ಪ," ಎಂದಳು ಕಾಮಾಕ್ಷಮ್ಮ. "ಮಾಡು. ನಾನಿಲ್ಲೇ ನಿಂತಿರ್ತೀನಿ."

ಆಕೆ ಬೆಂಚನ್ನು ಅವನ ಹಿಂದಕ್ಕೆ ಎಳೆದಿಟ್ಟಳು. ಅವನು ಕೂರಲಿಲ್ಲ. ಅವ್ವನ ಹೆಸರನ್ನು ಒತ್ತಿ ಫೋನನ್ನು ಕಿವಿಗಿಟ್ಟ. ಅತ್ತ ಕಡೆಯಿಂದ ಎತ್ತಿದರು. ಅವ್ವ ಅಳುತ್ತಿದ್ದಳು.